ಹತ್ತು ತಿಂಗಳಲ್ಲಿ ಒಂಬತ್ತು ಇಸಿಜಿ: ಗಾಬರಿ ರೋಗದ ಜೊತೆ ನಾಲ್ಕು ವರ್ಷ

ಹಾಸನದ ಆಲೂಗಡ್ಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಲೇ ಇದ್ದೆ, ಬರೆದಿರಲಿಲ್ಲ. ಕಳೆದ ವಾರ ಚಿಕ್ಕಪ್ಪನ ಮಗ ರಾತ್ರಿ ಒಂದು ಗಂಟೆಗೆ ಫೋನ್ ಮಾಡಿದ. "ಅಣ್ಣ, ಎದೆ ಹಿಡ್ಕೊಂಡಂಗೆ ಆಗ್ತಿದೆ. ಮೂರು ಸಲ ಇಸಿಜಿ ಮಾಡಿಸ್ದೆ, ನಾರ್ಮಲ್ ಅಂತಾರೆ. ನಂಬಿಕೆ ಬರ್ತಿಲ್ಲ" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳೋಣ ಅನ್ನಿಸಿತು. ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನನಗೆ 38. ಊರು ಚನ್ನರಾಯಪಟ್ಟಣದ ಹತ್ತಿರ. ಕೆಲಸ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ, ಕ್ವಾಲಿಟಿ ವಿಭಾಗ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಉದ್ಯೋಗ. ಅದೇ ಬುದ್ಧಿಯನ್ನು ನನ್ನ ಮೈಮೇಲೆ ತಿರುಗಿಸಿಕೊಂಡದ್ದು 2021ರಲ್ಲಿ.

ಆ ವರ್ಷದ ಅಕ್ಟೋಬರ್ 29 ನೆನಪಿದೆಯಲ್ವಾ? ಅಪ್ಪು ಹೋದ ದಿನ. 46 ವರ್ಷ, ದಿನಾ ವ್ಯಾಯಾಮ ಮಾಡುತ್ತಿದ್ದ ಮನುಷ್ಯ. ಅದಾದ ಮೇಲೆ ಹೃದಯ ತೋರಿಸಿಕೊಳ್ಳಲು ಜನ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ನಾನು ನಿಲ್ಲಲಿಲ್ಲ. ಟಿವಿ ನೋಡಿ ಅತ್ತು ಸುಮ್ಮನಾದೆ.

ಮೂರು ವಾರ ಕಳೆದಿತ್ತು. ದಾಸರಹಳ್ಳಿಯ ಬಾಡಿಗೆ ಮನೆ, ರಾತ್ರಿ ಎರಡು ಗಂಟೆ. ನಿದ್ದೆಯಿಂದ ದಡಕ್ಕನೆ ಎದ್ದು ಕೂತೆ. ಎದೆ ಢವಢವ. ಅಂಗೈ ಬೆವರು, ಬೆರಳ ತುದಿ ಜುಮುಜುಮು, ಎಷ್ಟು ಎಳೆದರೂ ಉಸಿರು ಸಾಲುತ್ತಿಲ್ಲ. ಸಾಯುತ್ತಿದ್ದೇನೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೆಂಡತಿ ಆಟೋ ಹಿಡಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅರ್ಧ ಇಳಿದಿತ್ತು. ಇಸಿಜಿ ನಾರ್ಮಲ್, ರಕ್ತ ಪರೀಕ್ಷೆ ನಾರ್ಮಲ್. ಡ್ಯೂಟಿ ಡಾಕ್ಟರ್ "ಗ್ಯಾಸ್ ಇರಬೇಕು" ಅಂದು ಮಾತ್ರೆ ಕೊಟ್ಟು ಕಳಿಸಿದರು. ಎಷ್ಟು ಹಗುರ ಆಯಿತೆಂದರೆ ಬೆಳಗಿನ ಜಾವ ಗಾಡಿ ಅಂಗಡಿಯಲ್ಲಿ ಟೀ ಕುಡಿದು, ನಗುತ್ತಾ ಮನೆಗೆ ಬಂದೆವು.

ಆ ಹಗುರವೇ ಮುಂದೆ ಚಟ ಆಯಿತು. ನಾನು ಈ ಪೋಸ್ಟ್ ಬರೆಯುತ್ತಿರುವುದೇ ಇದನ್ನು ಹೇಳಲಿಕ್ಕೆ.

ಆಮೇಲಿನ ಹತ್ತು ತಿಂಗಳಲ್ಲಿ ಒಂಬತ್ತು ಇಸಿಜಿ, ಎರಡು ಎಕೋ (ಹೃದಯದ ಸ್ಕ್ಯಾನ್), ಒಂದು ಟಿಎಂಟಿ (ಓಡುವ ಬೆಲ್ಟ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ). ಒಂದೇ ಕಡೆ ಹೋದರೆ ಬೈಯುತ್ತಾರೆ ಅಂತ ಬೇರೆ ಬೇರೆ ಆಸ್ಪತ್ರೆಗೆ ಹೋಗುತ್ತಿದ್ದೆ. ಮೊದಲ ಸಲದ ನೆಮ್ಮದಿ ಹದಿನೈದು ದಿನ ಬಾಳಿತು. ಐದನೇ ಸಲದ್ದು ಎರಡು ದಿನ. ಒಂಬತ್ತನೇ ಸಲ, ಗೇಟು ದಾಟುವ ಮೊದಲೇ "ಅವರ ಮಿಷನ್ ಸರಿ ಇತ್ತೋ ಇಲ್ಲವೋ" ಅನ್ನಿಸಿತು.

ಕೋವಿಡ್ ಕಾಲದಲ್ಲಿ ತಂದಿದ್ದ, ಬೆರಳಿಗೆ ಹಾಕಿ ಆಮ್ಲಜನಕ, ನಾಡಿ ನೋಡುವ ಆಕ್ಸಿಮೀಟರ್ ಸದಾ ಜೇಬಿನಲ್ಲಿ. ಮೆಟ್ಟಿಲು ಹತ್ತುವುದು ಬಿಟ್ಟೆ. ಮಗಳನ್ನು ಎತ್ತಿಕೊಳ್ಳುವುದು ಬಿಟ್ಟೆ. ಹೆಂಡತಿಯ ಹತ್ತಿರ ಹೋಗಲೂ ಹೆದರಿಕೆ. ಊರಿನ ದಾರಿಯಲ್ಲಿ ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಎಲ್ಲಿ ಯಾವ ಆಸ್ಪತ್ರೆ, ಮುಂದಿನದ್ದಕ್ಕೆ ಎಷ್ಟು ನಿಮಿಷ ಅನ್ನುವುದು ಬಾಯಿಪಾಠ ಆಗಿತ್ತು. ಕೊನೆಗೆ ಊರಿಗೆ ಹೋಗುವುದನ್ನೇ ಬಿಟ್ಟೆ. ಅಮ್ಮನಿಗೆ ಓವರ್‌ಟೈಮ್ ಅಂತ ಸುಳ್ಳು.

ಒಂಬತ್ತನೇ ಇಸಿಜಿ ನೋಡಿದ ಡಾಕ್ಟರ್ ವಯಸ್ಸಾದವರು. ಹಳೆಯ ರಿಪೋರ್ಟೆಲ್ಲ ಟೇಬಲ್ ಮೇಲೆ ಹರಡಿಸಿದರು. ಆಮೇಲೆ ಕನ್ನಡಕ ತೆಗೆದು, "ಹೃದಯದ ಫೈಲು ಇಲ್ಲಿಗೆ ಮುಚ್ಚೋಣ. ನಿಮಗಿರೋದು ಗಾಬರಿ. ಅದಕ್ಕೂ ಡಾಕ್ಟ್ರಿದ್ದಾರೆ" ಅಂತ ಮನೋವೈದ್ಯರಿಗೆ ಒಂದು ಚೀಟಿ ಬರೆದರು. ಚೀಟಿ ಪರ್ಸಿನಲ್ಲಿ ಒಂದು ತಿಂಗಳು ಕೂತಿತ್ತು. ಹುಚ್ಚಾಸ್ಪತ್ರೆ ಅನ್ನುವ ಪದ ತಲೆಯಿಂದ ಹೋಗಬೇಕಲ್ಲ.

ಅಷ್ಟರಲ್ಲಿ 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಶುರುವಾಯಿತು. ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಟೆರೇಸಿಗೆ ಹೋಗಿ ಕದ್ದು ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡರು. ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿದರು. ಇಲ್ಲ, ಸಾಯುವ ಭಯ ಅಂದೆ. "ಚೀಟಿ ಇದೆ ಅಂದ್ರಲ್ಲ, ನಾಳೆ ಹೋಗ್ತೀರಾ?" ಅಂದರು. ಹೋದೆ.

ಚಿಕಿತ್ಸೆಯ ಕಥೆ ಮುಂದಿನ ಪೋಸ್ಟಿನಲ್ಲಿ. ಮಗಳು ಎದ್ದಳು.

ಅಡಿಗೆಮನೆ ಅಕ್ಕ

ಅಯ್ಯೋ, ಇದು ನಮ್ಮ ಯಜಮಾನರ ಕಥೆಯೇ. ಅವರದ್ದು ಎದೆಯಲ್ಲ, ಬಿಪಿ. ಮನೆಗೆ ಮಿಷನ್ ತಂದಿದ್ದಾರೆ, ದಿನಕ್ಕೆ ಹತ್ತು ಸಲ. ಮೊದಲ ಸಲ 150 ಬಂದರೆ ಗಾಬರಿಗೆ ಎರಡನೇ ಸಲ 165. ನಾನು ಮಿಷನ್ ಬಚ್ಚಿಟ್ಟರೆ ಮನೆಯಲ್ಲಿ ಮಹಾಭಾರತ. ಮುಂದಿನ ಭಾಗ ಬೇಗ ಬರೆಯಿರಿ ತಮ್ಮ.

ಮಲೆನಾಡ ಮಳೆ

ಅನುಭವ ಹಂಚಿಕೊಂಡದ್ದಕ್ಕೆ ಥ್ಯಾಂಕ್ಸ್. ಆದರೆ ಒಂದು ಮಾತು. ಈ ಮನಸ್ಸಿನ ಮಾತ್ರೆಗಳಿಗೆ ಒಮ್ಮೆ ಕೈ ಹಾಕಿದರೆ ಜೀವನಪೂರ್ತಿ ಬಿಡಲಿಕ್ಕೆ ಆಗುವುದಿಲ್ಲ. ನನ್ನ ಅತ್ತೆ 12 ವರ್ಷದಿಂದ ಚಿಕ್ಕ ಬಿಳಿ ಮಾತ್ರೆ ಇಲ್ಲದೆ ಮಲಗುವುದಿಲ್ಲ. ಪ್ರಾಣಾಯಾಮ, ಬೆಳಗಿನ ವಾಕಿಂಗ್, ಮಜ್ಜಿಗೆ ಊಟ. ಇಷ್ಟು ಸಾಕು ಅಂತ ನನ್ನ ಅಭಿಪ್ರಾಯ.

ಮೆಡಿಕಲ್ ಶಾಪ್ ಮಾಮ

ಮಳೆಯವರೇ, ನಿಮ್ಮ ಅತ್ತೆಯವರ ಮಾತ್ರೆ ಯಾವುದು ಅಂತ ಹೆಸರು ನೋಡಿ ಹೇಳಿ. ಆಲ್ಪ್ರಜೋಲಾಮ್ ಅಥವಾ ಕ್ಲೋನಜೆಪಾಮ್ ಇರಬಹುದು ಅಂತ ನನ್ನ ಊಹೆ. 22 ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ, ಈ ಗೊಂದಲ ದಿನಾ ನೋಡುತ್ತೇನೆ.

ಎರಡು ಜಾತಿ ಮಾತ್ರೆ ಇವೆ. ಒಂದು, ತಕ್ಷಣ ತಣ್ಣಗೆ ಮಾಡುವವು. ನಾನು ಹೇಳಿದ ಎರಡೂ ಅದೇ ಗುಂಪು. ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಹಿಡಿಯುತ್ತವೆ. ಅದಕ್ಕೇ ಜನ ಅವನ್ನು ಇಷ್ಟಪಡುತ್ತಾರೆ. ಆದರೆ ತಿಂಗಳುಗಟ್ಟಲೆ ತಗೊಂಡರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಸಾಮಾನ್ಯವಾಗಿ ಡಾಕ್ಟರು ಕೆಲವು ದಿನ, ಕೆಲವು ವಾರಕ್ಕೆ ಅಂತ ಬರೆದಿರುತ್ತಾರೆ. ಜನ ಹಳೇ ಚೀಟಿ ಹಿಡಿದು ವರ್ಷಗಟ್ಟಲೆ ತಗೋತಾರೆ. ವಯಸ್ಸಾದವರಿಗೆ ಮರೆವು, ತೂರಾಡಿ ಬೀಳುವುದು ಬೇರೆ.

ಇನ್ನೊಂದು, ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ತರಹದ್ದು. ಇವು ನಿಧಾನ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಸ್ವಲ್ಪ ಜಾಸ್ತಿಯೂ ಆಗಬಹುದು. ಬಹಳ ಜನ ಐದನೇ ದಿನಕ್ಕೆ "ಇದು ನನಗೆ ಆಗಲ್ಲ" ಅಂತ ಸ್ಟ್ರಿಪ್ ವಾಪಸ್ ತರುತ್ತಾರೆ. ಇವುಗಳ ಚಟ ಹತ್ತುವುದಿಲ್ಲ. ಆದರೆ ಒಂದೇ ಏಟಿಗೆ ನಿಲ್ಲಿಸಿದರೆ ತಲೆ ಸುತ್ತು, ಕಿರಿಕಿರಿ, ನಿದ್ದೆಗೇಡು ಬರುತ್ತದೆ. ಡಾಕ್ಟರ್ ಹೇಳಿದಂತೆ ವಾರಗಟ್ಟಲೆ ಇಳಿಸುತ್ತಾ ಬಿಡಬೇಕು.

ಅತ್ತೆಯವರ ಮಾತ್ರೆಯನ್ನು ಇದನ್ನು ಓದಿ ನಾಳೆಯೇ ಕಿತ್ತುಕೊಳ್ಳಬೇಡಿ. ಹಳೇ ಅಭ್ಯಾಸವನ್ನು ಹಠಾತ್ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯ ಇದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಮಲೆನಾಡ ಮಳೆ

ನೋಡಿದೆ. ಆಲ್ಪ್ರಜೋಲಾಮ್. 2013ರ ಚೀಟಿ.

ಹಾಸನದ ಆಲೂಗಡ್ಡೆ

ಮಾಮ ಅವರು ನನ್ನ ಅರ್ಧ ಕೆಲಸ ಮಾಡಿಬಿಟ್ಟರು.

ಮನೋವೈದ್ಯರು ಮೊದಲು ಕೇಳಿದ್ದು ರಕ್ತ ಪರೀಕ್ಷೆ: ಥೈರಾಯ್ಡ್, ಹಿಮೋಗ್ಲೋಬಿನ್. ಥೈರಾಯ್ಡ್ ಜಾಸ್ತಿ ಇದ್ದರೂ ಹೀಗೇ ಎದೆ ಹೊಡೆದುಕೊಳ್ಳುತ್ತದಂತೆ. ನನ್ನದು ಸರಿ ಇತ್ತು. ಎಸ್ಸಿಟಲೋಪ್ರಾಮ್ 5 ಮಿಲಿಗ್ರಾಂನಿಂದ ಶುರು, ಆಮೇಲೆ 10. ಮೊದಲ ವಾರ ನರಕ. ನಾಲ್ಕನೇ ವಾರ ಒಂದು ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮುದ್ದೆ ತಿನ್ನುವಾಗ, ಬೆಳಗಿನಿಂದ ನಾಡಿ ಮುಟ್ಟಿ ನೋಡಿಲ್ಲ ಅನ್ನುವುದು ಹೊಳೆಯಿತು. ಹೊಳೆದ ಕೂಡಲೇ ಮುಟ್ಟಿ ನೋಡಿದೆ, ಅದು ಬೇರೆ ಮಾತು.

ಮಾತ್ರೆ ಭಯದ ಸದ್ದು ಇಳಿಸಿತು. ಚಟ ಬಿಡಿಸಿದ್ದು ಇನ್ನೊಬ್ಬರು. ಅದೇ ಡಾಕ್ಟರು ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಯೋಚನೆ, ನಡವಳಿಕೆ ಎರಡನ್ನೂ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ, ಸಿಬಿಟಿ ಅನ್ನುತ್ತಾರೆ. ವಾರಕ್ಕೊಂದು ಸಲ, ಒಟ್ಟು 14 ಸಲ ಹೋದೆ. ಸಲಕ್ಕೆ 1,200 ರೂಪಾಯಿ. ದುಬಾರಿ ಅನ್ನಿಸಿ ಮನೆಗೆ ಬಂದು ಇಸಿಜಿ, ಎಕೋ, ಟಿಎಂಟಿ ಬಿಲ್ಲೆಲ್ಲ ಕೂಡಿಸಿ ನೋಡಿದೆ. ಬಾಯಿ ಮುಚ್ಚಿಕೊಂಡು ಹೋದೆ.

ಮಾತು ಕೇಳಿ ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಮೇಡಂ ಸಮಾಧಾನ ಮಾಡಲೇ ಇಲ್ಲ! "ನನಗೆ ಹಾರ್ಟ್ ಅಟ್ಯಾಕ್ ಆಗಲ್ಲ ಅಲ್ವಾ ಮೇಡಂ?" ಅಂತ ಪ್ರತಿ ವಾರ ಕೇಳುತ್ತಿದ್ದೆ. "ಹೋದ ವಾರ ಹೇಳಿದ ಉತ್ತರ ಎಷ್ಟು ದಿನ ಬಂತು?" ಅಂತ ತಿರುಗಿಸಿ ಕೇಳುತ್ತಿದ್ದರು. ಮೂರು ದಿನ ಅಂದರೆ, "ಹಾಗಾದ್ರೆ ಇವತ್ತು ಕೊಡಲ್ಲ" ಅನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ಆ ಉತ್ತರವೂ ಹತ್ತನೇ ಇಸಿಜಿಯೇ ಆಗಿತ್ತು.

ಎದೆ ಜೋರಾಗಿ ಹೊಡೆದುಕೊಳ್ಳುವುದಕ್ಕೇ ನಾನು ಹೆದರುತ್ತಿದ್ದೆನಲ್ಲ, ಅದನ್ನೇ ಬೇಕೆಂದು ತರಿಸಿದರು. ರಿಪೋರ್ಟೆಲ್ಲ ನೋಡಿ, ಮನೋವೈದ್ಯರ ಒಪ್ಪಿಗೆ ತಗೊಂಡೇ ಮಾಡಿಸಿದ್ದು. ಒಂದು ನಿಮಿಷ ನಿಂತಲ್ಲೇ ಓಟ. ತಿರುಗುವ ಕುರ್ಚಿಯಲ್ಲಿ ಗಿರಗಿರ. ಎಳನೀರಿನ ಸ್ಟ್ರಾ ಬಾಯಲ್ಲಿಟ್ಟು, ಮೂಗು ಹಿಡಿದು ಉಸಿರಾಟ. ಆಮೇಲೆ ಕೂತು, ಏನೂ ಮಾಡದೆ, ನಾಡಿ ಮುಟ್ಟದೆ, ಭಯ ಏರುವುದನ್ನು ನೋಡುವುದು. ಏರುತ್ತದೆ, ಹತ್ತು ನಿಮಿಷದ ಒಳಗೆ ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಮೈಯಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಮಾಡಲು ಒಂದು ಏಣಿ ಬರೆಸಿದರು. ಕೆಳಗಿನ ಮೆಟ್ಟಿಲು: ಆಕ್ಸಿಮೀಟರ್ ಮನೆಯಲ್ಲೇ ಬಿಟ್ಟು ಡ್ಯೂಟಿಗೆ ಹೋಗುವುದು. ಅದನ್ನು ಹೆಂಡತಿ ಅಕ್ಕಿ ಡಬ್ಬದೊಳಗೆ ಹಾಕಿಟ್ಟಳು. ಮಧ್ಯದಲ್ಲಿ: ಮೂರು ಮಹಡಿ ಹತ್ತುವುದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿಗೆ ಹೋಗುವುದು. ಅದರ ಮೇಲೆ: ಒಬ್ಬನೇ ಬಸ್ಸಿನಲ್ಲಿ ಊರಿಗೆ. ಕುಣಿಗಲ್ ದಾಟುವಾಗ ಬಂತು ನೋಡಿ, ಪೂರ್ತಿ ಜೋರಾಗಿ. ಇಳಿಯಲಿಲ್ಲ. ಯಡಿಯೂರು ಬರುವಷ್ಟರಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ಕಡಲೆಕಾಯಿ ಕೊಟ್ಟರು, ತಿಂದೆ.

ಧಾರವಾಡ ಪೇಡಾ

ಅಣ್ಣಾ, ಒಂದು ಪ್ರಶ್ನೆ. ನಾನು ಎಂಎಸ್ಸಿ ಎರಡನೇ ವರ್ಷ. ಸೆಮಿನಾರ್ ಅಂದರೆ ಹಿಂದಿನ ದಿನದಿಂದ ವಾಂತಿ. ಹಾಸ್ಟೆಲಿನಲ್ಲಿ ಯಾರಿಗೂ ಗೊತ್ತಿಲ್ಲ. ಸಲಕ್ಕೆ 1,200 ಅಂದರೆ ನನ್ನ ಕೈಲಿ ಆಗದ ಮಾತು ರೀ.

ನೈಟ್ ಡ್ಯೂಟಿ ಸಿಸ್ಟರ್

ಪೇಡಾ ತಂಗಿ, ನಿಮ್ಮ ಊರಲ್ಲೇ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ. ಮನೋವೈದ್ಯರೂ ಇದ್ದಾರೆ, ಸೈಕಾಲಜಿಸ್ಟ್‌ಗಳೂ ಇದ್ದಾರೆ. ಖಾಸಗಿ ಕಡೆಯ ಫೀಸಿಗೂ ಅಲ್ಲಿಗೂ ಹೋಲಿಕೆಯೇ ಇಲ್ಲ. ಬೆಂಗಳೂರಿನವರಿಗೆ ನಿಮ್ಹಾನ್ಸ್. ಸಣ್ಣ ಊರಿನವರಿಗೆ ಇನ್ನೊಂದು ದಾರಿ: ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಖಾಸಗಿಯಲ್ಲಿ ಕೌನ್ಸೆಲರ್ ಹುಡುಕುವವರು ಒಂದು ವಿಷಯ ನೋಡಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಎಂಡಿ ಮಾಡಿದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ನಂಬರ್ ಕೇಳಿದರೆ ಕೊಡುತ್ತಾರೆ. ಇನ್‌ಸ್ಟಾಗ್ರಾಮಿನಲ್ಲಿ ಮೂರು ವಾರದ ಕೋರ್ಸ್ ಮಾಡಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ, ಹುಷಾರು.

ಇನ್ನೊಂದನ್ನು ನರ್ಸ್ ಆಗಿ ಹೇಳಲೇಬೇಕು. ಈ ಪೋಸ್ಟ್ ಓದಿ ಯಾರೂ ಎದೆನೋವನ್ನು "ಗಾಬರಿ ಇರಬೇಕು ಬಿಡು" ಅಂತ ಕಡೆಗಣಿಸಬೇಡಿ. ಮೊದಲ ಸಲ ಬಂದದ್ದು, ನಡೆದಾಗ ಜಾಸ್ತಿಯಾಗಿ ನಿಂತಾಗ ಕಡಿಮೆಯಾಗುವುದು, ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಶುಗರ್ ಇರುವವರಿಗೆ ಇದ್ದಕ್ಕಿದ್ದಂತೆ ಸುಸ್ತು. ಇವಕ್ಕೆ ಆಸ್ಪತ್ರೆ, ತಡ ಮಾಡದೆ. ಆಲೂಗಡ್ಡೆಯವರ ಮೊದಲ ಇಸಿಜಿ ಸರಿಯಾದ ಕೆಲಸ. ಎಕೋ, ಟಿಎಂಟಿಯೂ ಸರಿ ಅನ್ನೋಣ. ಆಮೇಲಿನವು ಭಯದ ಹಸಿವಿಗೆ ಹಾಕಿದ ಊಟ.

ಹಾಸನದ ಆಲೂಗಡ್ಡೆ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ನಾನು ಡಾಕ್ಟರಲ್ಲ, ಬೋಲ್ಟು ನಟ್ಟು ಅಳೆಯುವವನು.

ಸಕಲೇಶಪುರದ ಸೋಮಾರಿ

ಯಾರಾದರೂ ಕಾಫಿ ಬಗ್ಗೆ ಮಾತಾಡಿ ಮಾರಾಯ್ರೆ. ನಾವು ತೋಟದವರು, ಬಿಡಲು ಹೇಳಿದರೆ ಈ ಚರ್ಚೆಯನ್ನೇ ಬಿಡುತ್ತೇನೆ.

ಹಾಸನದ ಆಲೂಗಡ್ಡೆ

ಹಹ್ಹ. ನನ್ನದು ದಿನಕ್ಕೆ ಆರು ಲೋಟ ಇತ್ತು. ಫ್ಯಾಕ್ಟರಿಯಲ್ಲಿ ನಾಲ್ಕು, ಮನೆಯಲ್ಲಿ ಎರಡು, ಅದರಲ್ಲಿ ಒಂದು ರಾತ್ರಿ ಊಟ ಆದಮೇಲೆ. ಕಾಫಿಯ ಅಂಶ ಮೈಯಲ್ಲಿ ಅರ್ಧಕ್ಕೆ ಇಳಿಯಲು ಹೆಚ್ಚುಕಮ್ಮಿ ಐದು ಗಂಟೆ ಬೇಕು. ಒಂಬತ್ತಕ್ಕೆ ಕುಡಿದದ್ದು ರಾತ್ರಿ ಎರಡಕ್ಕೆ ಇನ್ನೂ ಅರ್ಧ ಇರುತ್ತಿತ್ತು. ನನ್ನ ಗಾಬರಿಯ ಅಟ್ಯಾಕ್‌ಗಳು ಬರುತ್ತಿದ್ದದ್ದೂ ಎರಡು ಗಂಟೆಗೇ. ಕಾಫಿಯೇ ಕಾರಣ ಅಂತ ಹೇಳುತ್ತಿಲ್ಲ. ಉರಿಯುವ ಒಲೆಗೆ ಸೀಮೆಎಣ್ಣೆ ಅಂತೂ ಹೌದು.

ಎರಡಕ್ಕೆ ಇಳಿಸಿದೆ, ಮಧ್ಯಾಹ್ನ ಹನ್ನೆರಡರ ಒಳಗೆ. ಒಂದೇ ದಿನ ಬಿಡಬೇಡಿ. ನಾನು ಹಾಗೆ ಮಾಡಿ ಮೂರು ದಿನ ತಲೆನೋವಿನಲ್ಲಿ ಒದ್ದಾಡಿ, ಮೆದುಳಿನ ಗಡ್ಡೆ ಅಂತ ಹೊಸ ಭಯ ಹತ್ತಿಸಿಕೊಂಡೆ.

ಕಾಫಿಗಿಂತ ಜಾಸ್ತಿ ಕೆಲಸ ಮಾಡಿದ್ದು ನಡಿಗೆ. ಮೊದಲು ವ್ಯಾಯಾಮ ಅಂದರೆ ಭಯ ಯಾಕೆಂದರೆ ಅದೂ ಅಟ್ಯಾಕ್ ತರಹವೇ: ಎದೆಬಡಿತ, ಬೆವರು, ಏದುಸಿರು. ಅದಕ್ಕೇ ಮೇಡಂ ಅದನ್ನು ಔಷಧಿ ಅಂದರು. ದಿನಾ ಅರ್ಧ ಗಂಟೆ ಬಿರುಸಾಗಿ, ವಾರಕ್ಕೆ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷಕ್ಕೆ ಸರಿಹೋಗುತ್ತದೆ. ಶನಿವಾರದ ಬಿಯರ್ ನಿಲ್ಲಿಸಿದೆ, ಭಾನುವಾರ ಬೆಳಿಗ್ಗೆಯ ನಡುಕ ನಿಂತಿತು. ನಿದ್ದೆಗೆ ಒಂದೇ ನಿಯಮ: ಎಷ್ಟು ಹೊತ್ತಿಗೆ ಮಲಗಿದರೂ ಏಳುವುದು ಆರಕ್ಕೆ. ಊರಿನ ವಾಟ್ಸಾಪ್ ಗುಂಪು ಮ್ಯೂಟ್. ಅದರಲ್ಲಿ ದಿನಕ್ಕೊಂದು "ಜಿಮ್‌ನಲ್ಲಿ ಕುಸಿದ ಯುವಕ" ವಿಡಿಯೋ ಬರುತ್ತಿತ್ತು.

ಮಲೆನಾಡ ಮಳೆಯವರಿಗೆ: ಪ್ರಾಣಾಯಾಮ ನಾನೂ ಮಾಡುತ್ತೇನೆ. ನಿಮ್ಹಾನ್ಸ್‌ನಲ್ಲೇ ಯೋಗಕ್ಕೆ ಅಂತ ಕೇಂದ್ರ ಇದೆ, ಡಾಕ್ಟರುಗಳು ಯೋಗದ ವಿರೋಧಿಗಳೇನಲ್ಲ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಬೆಳಿಗ್ಗೆ ಹತ್ತು ನಿಮಿಷ. ಆದರೆ ಅಟ್ಯಾಕ್ ಬಂದಾಗ "ಈಗ ಉಸಿರು ಸರಿ ಮಾಡದಿದ್ದರೆ ಸತ್ತೆ" ಅಂತ ಮಾಡಿದರೆ ಅದೂ ಆಕ್ಸಿಮೀಟರ್ ಆಗಿಬಿಡುತ್ತದೆ. ನನಗೆ ಆಗಿತ್ತು.

ಅಡಿಗೆಮನೆ ಅಕ್ಕ

ಈಗ ಅರ್ಥ ಆಯಿತು. ನಾನು ಮಿಷನ್ ಬಚ್ಚಿಡುವುದೂ ತಪ್ಪು, "ಏನೂ ಆಗಿಲ್ಲ ರೀ" ಅಂತ ದಿನಕ್ಕೆ ಇಪ್ಪತ್ತು ಸಲ ಹೇಳುವುದೂ ತಪ್ಪು. ಮತ್ತೆ ಹೆಂಡತಿಯಾದವಳು ಮಾಡಬೇಕಾದ್ದೇನು? ನಿಮ್ಮ ಮನೆಯವರು ಏನು ಮಾಡಿದರು?

ಹಾಸನದ ಆಲೂಗಡ್ಡೆ

ಅಕ್ಕ, ಮೇಡಂ ಅವಳನ್ನೂ ಒಂದು ಸಲ ಕರೆಸಿದ್ದರು. ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡೆವು. ನಾನು "ಏನೂ ಆಗಲ್ಲ ಅಲ್ವಾ" ಅಂತ ಕೇಳಿದರೆ ಅವಳು "ಇದು ಆ ಪ್ರಶ್ನೆ, ಇದಕ್ಕೆ ಉತ್ತರ ಇಲ್ಲ, ಬನ್ನಿ ಬಟ್ಟೆ ಮಡಚೋಣ" ಅನ್ನಬೇಕು. ಬಚ್ಚಿಟ್ಟರೆ ಜಗಳ. ಒಪ್ಪಿಸಿ ಇಟ್ಟರೆ ಚಿಕಿತ್ಸೆ. ಯಜಮಾನರಿಗೆ ನಿಜವಾಗಿ ಬಿಪಿ ಇದ್ದರೆ ಎಷ್ಟು ದಿನಕ್ಕೊಮ್ಮೆ ನೋಡಬೇಕು ಅಂತ ಡಾಕ್ಟರ ಬಾಯಲ್ಲೇ ಹೇಳಿಸಿ, ಅಷ್ಟೇ ನೋಡಲಿ. ಮನೆಯಲ್ಲಿ ಅಷ್ಟು ಬಟ್ಟೆ ಮಡಚಿದ್ದು ಆ ವರ್ಷವೇ, ಈಗ ಇಲ್ಲ ಅಂತ ಅವಳ ದೂರು.

ಮೈಸೂರು ಮಲ್ಲಿಗೆ ದಂಡೆ

ನನ್ನ ಮಗಳಿಗೆ 26. ಇದೇ ಚಿಕಿತ್ಸೆ ನಡೆಯುತ್ತಿದೆ, ಆರಾಮಾಗಿದ್ದಾಳೆ. ಗಂಡು ನೋಡುತ್ತಿದ್ದೇವೆ. ಹೇಳಬೇಕಾ ಬೇಡವಾ? ನಮ್ಮ ನಾದಿನಿ ಬಾಯಿ ಬಿಡಬೇಡಿ ಅನ್ನುತ್ತಾರೆ.

ಮೆಡಿಕಲ್ ಶಾಪ್ ಮಾಮ

ಅಮ್ಮಾ, ಗುಟ್ಟಾಗಿ ಮದುವೆ ಮಾಡಿದ ಮೇಲೆ ಆಗುವುದನ್ನು ನಾನು ಕೌಂಟರಿನ ಈ ಕಡೆಯಿಂದ ನೋಡಿದ್ದೇನೆ. ಗಂಡನಿಗೆ ಗೊತ್ತಾಗಬಾರದು ಅಂತ ಮಾತ್ರೆ ಒಮ್ಮೆಲೇ ನಿಲ್ಲಿಸಿ, ಎರಡು ತಿಂಗಳಲ್ಲಿ ತವರಿಗೆ ವಾಪಸ್ ಬಂದ ಹುಡುಗಿಯರಿದ್ದಾರೆ. ಹೇಳುವುದು ಬಿಡುವುದು ಮಗಳ ತೀರ್ಮಾನ, ನಾದಿನಿಯದ್ದಲ್ಲ.

ಧಾರವಾಡ ಪೇಡಾ

ಮಾಮಾ ಅವರ ಮಾತಿಗೆ ಜೈ.

ದೋಹಾ ಕನ್ನಡಿಗ

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಮೈಯ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಬಹಳಷ್ಟು ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. ಗಾಬರಿಗೆ ಯಾರು ಅಡ್ಮಿಟ್ ಆಗುತ್ತಾರೆ? ಹೊರರೋಗಿ ಖರ್ಚು ಕೊಡುತ್ತಾರಾ ಅಂತ ಪಾಲಿಸಿ ತಗೊಳ್ಳುವಾಗಲೇ ಕೇಳಿ.

ಅರಸೀಕೆರೆ ತೆಂಗು

ಎಲ್ಲ ಓದಿದೆ, ಕಣ್ಣಲ್ಲಿ ನೀರು ಬಂತು. ನಾನು ಶಾಲಾ ಶಿಕ್ಷಕಿ, 33 ವರ್ಷ. ಕಳೆದ ವರ್ಷ ಜುಲೈನಲ್ಲಿ, 2025ರಲ್ಲಿ, ನಮ್ಮ ಜಿಲ್ಲೆಯಲ್ಲಿ 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತಕ್ಕೆ ಹೋದರು ಅಂತ ದಿನಾ ಟಿವಿಯಲ್ಲಿ ಬಂತಲ್ಲ, ಆಗ ನಾನೂ ಮೈಸೂರಿಗೆ ಹೋಗಿ ಸಾಲಿನಲ್ಲಿ ನಿಂತು ತೋರಿಸಿಕೊಂಡು ಬಂದೆ. ಏನೂ ಇಲ್ಲ ಅಂದರು. ಈಗ ಎರಡು ತಿಂಗಳಿಂದ ಮತ್ತೆ ಶುರು. ಎದೆ ಸದಾ ಓಡುತ್ತಲೇ ಇರುತ್ತದೆ, ಕೈ ನಡುಗಿ ಬೋರ್ಡ್ ಮೇಲಿನ ಅಕ್ಷರ ಸೊಟ್ಟ. ಊಟ ಚೆನ್ನಾಗಿ ಮಾಡುತ್ತೇನೆ, ಆದರೂ 6 ಕೆಜಿ ಇಳಿದಿದ್ದೇನೆ. ಸೆಕೆ ತಡೆಯಲು ಆಗುವುದಿಲ್ಲ. ನಾಲ್ಕು ಇಸಿಜಿ ಆಯಿತು. ಐದನೆಯದು ಮಾಡಿಸಲಾ, ಬಿಡಲಾ?

ಹಾಸನದ ಆಲೂಗಡ್ಡೆ

ಮೇಡಂ, ಆ ಜುಲೈ ನನ್ನ ಪರೀಕ್ಷೆಯ ಕಾಲವೂ ಹೌದು. ನಾನು 2024ರಲ್ಲಿ ಮೂರು ತಿಂಗಳು ನಿಧಾನಕ್ಕೆ ಇಳಿಸಿ ಮಾತ್ರೆ ನಿಲ್ಲಿಸಿದ್ದೆ. ಒಂದು ವರ್ಷ ಸುಖವಾಗಿದ್ದೆ. ಅಷ್ಟರಲ್ಲಿ ನನ್ನ ಜಿಲ್ಲೆ, ನನ್ನ ವಯಸ್ಸಿನವರು, ಟಿವಿಯಲ್ಲಿ ದಿನಾ ಲೆಕ್ಕ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ಸಮಿತಿ ಪರಿಶೀಲಿಸಿ, ಸಾವುಗಳ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ ಅಂದಿತು. ಆ ಸುದ್ದಿಗೆ ಮೊದಲಿನ ಅಬ್ಬರ ಇರಲಿಲ್ಲ, ಬಿಡಿ.

ಎರಡು ವಾರ ಕಷ್ಟಪಟ್ಟೆ. ಒಂದು ರಾತ್ರಿ ಚಪ್ಪಲಿ ಹಾಕಿಕೊಂಡು ಬಾಗಿಲವರೆಗೆ ಹೋಗಿದ್ದೆ, ಆಸ್ಪತ್ರೆಗೆ. ಹೆಂಡತಿ ಏನೂ ಅನ್ನಲಿಲ್ಲ, ಬಟ್ಟೆ ಬುಟ್ಟಿ ತಂದು ನಡುಮನೆಯಲ್ಲಿ ಇಟ್ಟಳು. ಮರುದಿನ ಸೈಕಾಲಜಿಸ್ಟ್ ಮೇಡಂಗೆ ಫೋನ್ ಮಾಡಿ ಎರಡು ಸಲ ಹೋಗಿ ಬಂದೆ. ಅವರು ಏಳು ಪ್ರಶ್ನೆಯ ಒಂದು ಹಾಳೆ ತುಂಬಿಸುತ್ತಾರೆ, ಪೂರ್ತಿ 21 ಅಂಕ. ಹೆಚ್ಚು ಬಂದಷ್ಟೂ ಆತಂಕ ಜಾಸ್ತಿ. 2022ರಲ್ಲಿ 17 ಇತ್ತು, 2024ರಲ್ಲಿ 3. ಆ ವಾರ 11. ಮಾತ್ರೆ ಮತ್ತೆ ಶುರು ಮಾಡಬೇಕಾಗಲಿಲ್ಲ. ಮಾಡಬೇಕಾಗಿ ಬಂದಿದ್ದರೆ ಮಾಡುತ್ತಿದ್ದೆ.

ನಿಮ್ಮ ಐದನೇ ಇಸಿಜಿ ಬಗ್ಗೆ ನಾನು ಹೇಳುವುದಿಲ್ಲ. ಸಿಸ್ಟರ್, ನೋಡಿ ಸ್ವಲ್ಪ.

ನೈಟ್ ಡ್ಯೂಟಿ ಸಿಸ್ಟರ್

ತೆಂಗು ಮೇಡಂ, ಇಸಿಜಿ ಪಕ್ಕಕ್ಕಿಡಿ. ಊಟ ಮಾಡಿಯೂ ತೂಕ ಇಳಿಯುವುದು, ಸೆಕೆ, ಕೈ ನಡುಕ, ಸದಾ ಓಡುವ ಎದೆ. ಯಾರಾದರೂ ಥೈರಾಯ್ಡ್ ನೋಡಿದ್ದಾರಾ? ನೋಡಿಲ್ಲದಿದ್ದರೆ ನಾಳೆಯೇ ಫಿಸಿಷಿಯನ್ ಹತ್ತಿರ ಹೋಗಿ ಟಿಎಸ್‌ಎಚ್, ಟಿ4 ರಕ್ತ ಪರೀಕ್ಷೆ ಕೇಳಿ. ಆಲೂಗಡ್ಡೆಯವರಿಗೆ ಬಂದು ಹೋಗುತ್ತಿತ್ತು, ನಿಮಗೆ ಬಿಡದೆ ಇದೆ. ಎರಡಕ್ಕೂ ವ್ಯತ್ಯಾಸ ಇದೆ.

ಅರಸೀಕೆರೆ ತೆಂಗು

ಥೈರಾಯ್ಡ್ ಯಾರೂ ಬರೆದಿರಲಿಲ್ಲ. ಎಲ್ಲ ಕಡೆ ನಾನೇ "ಹಾರ್ಟ್ ನೋಡಿ" ಅಂತ ಹೇಳಿ ಹೋಗುತ್ತಿದ್ದೆ. ಹೋಗಿ ಬಂದು ಹೇಳುತ್ತೇನೆ.

ಸಕಲೇಶಪುರದ ಸೋಮಾರಿ

ಅಷ್ಟರೊಳಗೆ ಒಂದು ಪ್ರಶ್ನೆ. ಆಲೂಗಡ್ಡೆಯವರೇ, ದೇವರು ದಿಂಡರು ಏನೂ ಇಲ್ಲವಾ ನಿಮ್ಮ ಕಥೆಯಲ್ಲಿ? ನಮ್ಮ ಕಡೆ ಮೊದಲು ದೃಷ್ಟಿ ತೆಗೆಸುತ್ತಾರೆ, ಆಮೇಲೆ ಡಾಕ್ಟರು.

ಹಾಸನದ ಆಲೂಗಡ್ಡೆ

ಇಲ್ಲದೆ ಏನು. ಅಮ್ಮ ತಾಯತ ಕಟ್ಟಿಸಿದ್ದರು, ಮೆಣಸಿನಕಾಯಿ ನಿವಾಳಿಸಿದ್ದರು. ಜೊತೆಗೆ ಹಾಸನಾಂಬೆಗೆ ಹರಕೆ. ಗೊತ್ತಲ್ಲ, ಆ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಹೊತ್ತಿಗೆ ಕೆಲವು ದಿನ ಮಾತ್ರ ತೆರೆಯುತ್ತದೆ. ಆ ಸಾಲಿಗೆ ಕೊನೆಯೇ ಇರುವುದಿಲ್ಲ. ಎರಡೂ ಕಡೆ ಬ್ಯಾರಿಕೇಡ್, ಒಳಗೆ ಹೊಕ್ಕರೆ ಹೊರಗೆ ಬರುವ ಹಾಗಿಲ್ಲ.

ನನ್ನ ಏಣಿಯ ತುದಿ ಮೆಟ್ಟಿಲಿಗೆ ಮೇಡಂ ಏನು ಬರೆಯೋಣ ಅಂತ ಕೇಳಿದಾಗ ನಾನೇ ಅದನ್ನು ಬರೆಸಿದ್ದೆ. 2023ರ ನವೆಂಬರ್‌ನಲ್ಲಿ ಅಮ್ಮನ ಜೊತೆ ಹೋದೆ. ವಿಶೇಷ ದರ್ಶನದ ಟಿಕೆಟ್ ಬೇಡ ಅಂದೆ. ಧರ್ಮದರ್ಶನದ ಸಾಲು, ಐದು ಗಂಟೆ. ಎರಡು ಸಲ ಬಂತು, ಎರಡು ಸಲ ಹೋಯಿತು. ಹರಕೆ ತೀರಿತು ಅಂತ ಅಮ್ಮನಿಗೆ ಖುಷಿ. ಅಮ್ಮ ತೀರಿಸಿದ್ದು ಹರಕೆ, ನಾನು ಮುಗಿಸಿದ್ದು ಹೋಂವರ್ಕ್. ಪ್ರಸಾದ ಒಂದೇ.

ಧಾರವಾಡ ಪೇಡಾ

ಡಿಮ್ಹಾನ್ಸಿಗೆ ಹೋಗಿ ಬಂದೆ ಅಣ್ಣಾ. ಗೆಳತಿಗೆ ಹೇಳಿ ಕರೆದುಕೊಂಡು ಹೋದೆ. ಆಕೆಗೂ ಇದೇ ಇದೆಯಂತೆ, ಮೂರು ವರ್ಷ ಒಂದೇ ರೂಮಿನಲ್ಲಿದ್ದೂ ಇಬ್ಬರೂ ಹೇಳಿಕೊಂಡಿರಲಿಲ್ಲ. ಮಾತ್ರೆ ಕೊಟ್ಟಿಲ್ಲ, ಮುಂದಿನ ವಾರದಿಂದ ಸೈಕಾಲಜಿಸ್ಟ್ ಹತ್ತಿರ. ಮೊದಲ ಹೋಂವರ್ಕ್: ಮೆಸ್ಸಿನಲ್ಲಿ ಗುರುತಿಲ್ಲದ ಒಬ್ಬರಿಗೆ "ಉಪ್ಪು ಕೊಡ್ರಿ" ಅನ್ನುವುದು. ನಗಬೇಡ್ರಿ.

ಮಲೆನಾಡ ಮಳೆ

ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಮಾತ್ರೆಯ ಕಾಲು ಭಾಗ ಕಡಿಮೆ ಮಾಡಿದ್ದಾರೆ, ಇನ್ನು ತಿಂಗಳು ಬಿಟ್ಟು ನೋಡೋಣ ಅಂದರು. ಅತ್ತೆಗೆ ನನ್ನ ಮೇಲೆ ಸಿಟ್ಟು.

ಅರಸೀಕೆರೆ ತೆಂಗು

ಹನ್ನೆರಡು ದಿನ ಆಯಿತು, ಕ್ಷಮಿಸಿ. ಸಿಸ್ಟರ್, ನಿಮ್ಮ ಕಾಲಿಗೆ ಬಿದ್ದೆ. ಟಿಎಸ್‌ಎಚ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಟಿ4 ಜಾಸ್ತಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆಯಂತೆ. ಅದನ್ನು ತಗ್ಗಿಸಲು ಕಾರ್ಬಿಮಜೋಲ್ ಮಾತ್ರೆ ಶುರುವಾಗಿದೆ, ಎದೆಬಡಿತಕ್ಕೆ ಬೇರೆ ಮಾತ್ರೆ. ಗಾಬರಿ ಪೂರ್ತಿ ಇದರಿಂದಲೇನಾ ಅಂತ ಕೇಳಿದೆ. ಮೊದಲು ಇದು ಹತೋಟಿಗೆ ಬರಲಿ, ಆಮೇಲೂ ಉಳಿದರೆ ಮಂಗಳವಾರದ ಡಾಕ್ಟರಿಗೆ ತೋರಿಸಿ ಅಂದರು. ಟಿವಿ ಸುದ್ದಿಯ ಭಯ ಥೈರಾಯ್ಡಿಗಿಂತ ಮೊದಲೇ ಇತ್ತಲ್ಲ, ಅದಕ್ಕೆ ತೋರಿಸುತ್ತೇನೆ ಅಂತ ಅಂದುಕೊಂಡಿದ್ದೇನೆ.

ಮನೆಯಲ್ಲಿ ಮಾತ್ರ ಹಬ್ಬ. ನಮ್ಮತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, "ನಮ್ಮ ಸೊಸೆಗೆ ಮನಸ್ಸಿನದ್ದೇನೂ ಅಲ್ಲವಂತೆ, ಥೈರಾಯ್ಡಂತೆ!"

ಹಾಸನದ ಆಲೂಗಡ್ಡೆ

ಒಳ್ಳೆಯದಾಯಿತು ಮೇಡಂ, ಬೇಗ ಹುಷಾರಾಗಿ. ನಿಮಗೆ ಓಣಿಯಲ್ಲಿ ಹೇಳಿಕೊಳ್ಳಲು ಒಂದು ಹೆಸರು ಸಿಕ್ಕಿತು. ನಮ್ಮಮ್ಮ ಇವತ್ತಿಗೂ "ನನ್ನ ಮಗನಿಗೆ ಆಗಿದ್ದು ಗ್ಯಾಸ್" ಅಂತಲೇ ಹೇಳುವುದು.